ಅಮೀರ ಗೌಂಡಿಯ ಸೊಟ್ಟ ಕಟ್ಟೆ

ಹುಮನಾಬಾದಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ಅಷ್ಟು ದೂರದ ಬಸವಕಲ್ಯಾಣದಲ್ಲಿ ಯಾವ ಗೋಡೆ ಎಷ್ಟು ಇಂಚು ಸೊಟ್ಟಗಿದೆ ಎಂದು ಹೇಳಬಲ್ಲ ಕಣ್ಣು ನನ್ನದು. ಮೂವತ್ತನಾಲ್ಕು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು. ನಾನು ಹಲಗೆಯ ಮೇಲೆ ಎಳೆದ ಗೆರೆಯನ್ನು ನೋಡಿ ಊರ ಮುಂದಿನ ಹೆದ್ದಾರಿ ನಾಚಿಕೊಂಡು ತಿರುವು ತೆಗೆದುಕೊಂಡಿತು ಎಂದು ಮಾಣಿಕನಗರದ ಆಟೋದವರು ಇವತ್ತಿಗೂ ಹೇಳುತ್ತಾರೆ. ಅವರು ಮರೆತ ದಿನ ನಾನೇ ನೆನಪು ಮಾಡಿಕೊಡುತ್ತೇನೆ. ಚೆಂದ ಯಾವುದು, ಚೆಂದವಲ್ಲದ್ದು ಯಾವುದು ಎಂಬ ವಿಷಯದಲ್ಲಿ ಇಡೀ ಬೀದರ್ ಜಿಲ್ಲೆಯಲ್ಲಿ ನನ್ನ ಮಾತಿನ ಮೇಲೆ ಅಪೀಲು ಇಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ. ಮುಂದೆ ಹೇಳಿಕೊಳ್ಳಲು ಜಾಗ ಸಿಗಲಿಕ್ಕಿಲ್ಲ, ಏಕೆಂದರೆ ಈ ಕಥೆ ಅಮೀರ ಗೌಂಡಿಯದು.

ಅಮೀರನಿಗೆ ಈಗ ಅರವತ್ತೆಂಟು. ಬಸವಕಲ್ಯಾಣದವನೇ, ಅವನ ಅಪ್ಪನೂ ಗೌಂಡಿ, ಅಜ್ಜನೂ ಗೌಂಡಿ. ಕಲ್ಲು, ಸುಣ್ಣ, ಇಟ್ಟಿಗೆ, ಸಿಮೆಂಟು ಹೀಗೆ ಕಾಲಕ್ಕೆ ತಕ್ಕಂತೆ ಸಾಮಾನು ಬದಲಾಯಿತು, ಕೈ ಬದಲಾಗಲಿಲ್ಲ. ಆ ಕೈ ನೋಡಬೇಕು. ಒಂದೊಂದು ಅಂಗೈಯೂ ರೊಟ್ಟಿ ಹೆಂಚಿನಷ್ಟು ಅಗಲ. ಅವನು ನಮಸ್ಕಾರ ಮಾಡಿದರೆ ಎದುರಿಗಿದ್ದವರಿಗೆ ಗಾಳಿ ಬೀಸಿ ನೆಗಡಿಯಾಗುತ್ತದೆ. ಆಳು ಮಾತ್ರ ಗಿಡ್ಡ, ನನ್ನ ಹೆಗಲಿಗೆ ಬರುವುದಿಲ್ಲ. ನಾನು ಆರಡಿ ಎರಡು ಇಂಚು. ಈ ಲೆಕ್ಕ ನೆನಪಿಡಿ, ಕೊನೆಗೆ ಬೇಕಾಗುತ್ತದೆ. ಅವನ ಮಾತು ಅವನಿಗಿಂತ ಗಿಡ್ಡ. ಹುಮನಾಬಾದಿನ ನಮ್ಮ ಶಾಲೆಯ ಕಂಪೌಂಡು ಕಟ್ಟಲು ಬಂದಾಗ ಮೂರು ತಿಂಗಳಲ್ಲಿ ಅವನು ಆಡಿದ ಮಾತು ಒಟ್ಟು ಹನ್ನೊಂದು, ಅದರಲ್ಲಿ ಒಂಬತ್ತು ‘ನೀರು’. ಆಗಿನಿಂದ ನಾವು ಗೆಳೆಯರು. ನಾನು ಮಾತಾಡುತ್ತೇನೆ, ಅವನು ಕೇಳುತ್ತಾನೆ. ಇಬ್ಬರಿಗೂ ಅನುಕೂಲ.

ಅವನು ಕಟ್ಟಿದ ಮನೆಗಳು ಹುಲಸೂರದ ತನಕ ನಿಂತಿವೆ. ಯಾವುದರ ಮೇಲೂ ಅವನ ಹೆಸರಿಲ್ಲ. ಆದರೆ ಅವನನ್ನು ಕೇಳಿದರೆ ತನ್ನದೆಂದು ಹೇಳುತ್ತಿದ್ದುದು ಒಂದನ್ನೇ: ಬಸವಕಲ್ಯಾಣದಲ್ಲಿ ಕೋಟೆ ಕಡೆಯಿಂದ ಇಳಿದು ಬರುವ ಒಂದು ಗಲ್ಲಿಯ ಬಾಯಲ್ಲಿ, ಬೇವಿನ ಗಿಡದ ಕೆಳಗೆ, ಇಪ್ಪತ್ತೆರಡು ಅಡಿ ಉದ್ದದ ಒಂದು ಕಟ್ಟೆ. ಕೂತುಕೊಳ್ಳುವ ಕಟ್ಟೆ. ಅಷ್ಟೇ.

ಆ ಕಟ್ಟೆ ಕಟ್ಟಿ ಇಪ್ಪತ್ತು ವರ್ಷದ ಮೇಲಾಯಿತು. ಗಲ್ಲಿಯ ಒಂದು ಮಗ್ಗುಲಿಗೆ ಮುಸ್ಲಿಮರ ಮನೆಗಳು, ಇನ್ನೊಂದು ಮಗ್ಗುಲಿಗೆ ಹಿಂದೂಗಳ ಮನೆಗಳು. ಪೇಟೆಗೆ ಹೋಗಬೇಕಾದರೆ ಎಲ್ಲರೂ ಆ ಬೇವಿನ ಗಿಡವನ್ನು ದಾಟಲೇಬೇಕು. ದಾಟುವವರು ಕೂಡಲು ಏನಾದರೂ ಬೇಕೆಂದು ಓಣಿಯವರೆಲ್ಲ ಕೂಡಿ ಅಮೀರನಿಗೆ ಹೇಳಿದರು. ಬೇರೆ ಗೌಂಡಿಯಾಗಿದ್ದರೆ ಒಂದು ದಿನದಲ್ಲಿ ಕಟ್ಟಿ ಕೈತೊಳೆಯುತ್ತಿದ್ದ. ಅಮೀರ ಎಂಟು ದಿನ ಸುಮ್ಮನೆ ಗಿಡದ ಕೆಳಗೆ ನಿಂತ. ಒಂಬತ್ತನೆಯ ದಿನ ಹೆಂಡತಿ ಅನ್ವರಿಯ ಕೈಗೆ ಒಂದು ದಾರದ ಉಂಡೆ ಕೊಟ್ಟ.

“ಮನಿ ಮನಿಗಿ ಹೋಗಿ ಅಳತಿ ತೊಗೊಂಡ್ ಬಾ,” ಎಂದ.

“ಯಾತರ ಅಳತಿ?”

“ಮೊಣಕಾಲಿಂದು.”

ಅನ್ವರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳಂತೆ. ಆಮೇಲೆ ಹೋದಳು. ಎರಡೂ ಮಗ್ಗುಲಿನ ಮನೆಗಳ ಅಡುಗೆಮನೆಯೊಳಗೆ ಕೂತು, ಅಜ್ಜಿಯರದು, ಬಸುರಿಯರದು, ಮುದುಕರದು, ಎಲ್ಲರದೂ ಹಿಮ್ಮಡಿಯಿಂದ ಮೊಣಕಾಲಿನ ಮಡಿಕೆಯ ತನಕ ದಾರ ಹಿಡಿದು ಕತ್ತರಿಸಿದಳು. ಗಂಡಸು ಗೌಂಡಿ ಕಾಣಬಾರದ ಮೊಣಕಾಲುಗಳನ್ನೆಲ್ಲ ಅಮೀರ ಹೀಗೆ ದಾರದಲ್ಲಿ ಕಂಡ. ಯಾವ ದಾರ ಯಾರದೆಂದು ಅನ್ವರಿ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ನಾನು ನನ್ನ ಕಾಲದಲ್ಲಿ ಚುನಾವಣೆ ಡ್ಯೂಟಿ ಮಾಡಿ ನೂರಾರು ಓಟರ್ ಲಿಸ್ಟ್ ನೋಡಿದ್ದೇನೆ. ಅವುಗಳಲ್ಲಿ ಹೆಸರಿರುತ್ತದೆ, ಆಳು ಇರುವುದಿಲ್ಲ. ಆ ದಾರದ ಕಟ್ಟಿನಲ್ಲಿ ಹೆಸರಿರಲಿಲ್ಲ, ಓಣಿಗೆ ಓಣಿಯೇ ಇತ್ತು.

ಅಮೀರ ದಾರಗಳನ್ನು ನೆಲದ ಮೇಲೆ ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ ಹಾಸಿದ. ಆ ಗಲ್ಲಿ ಇಳಿಜಾರು. ಮೇಲ್ತುದಿಯಲ್ಲಿ ನೆಲ ಎತ್ತರ, ಕೆಳತುದಿಯಲ್ಲಿ ತಗ್ಗು. ಅವನು ಕಟ್ಟೆಯ ಮೇಲ್ಮೈಯನ್ನು ನೀರಿನ ಹಾಗೆ ಮಟ್ಟಸ ಇಟ್ಟ. ಮೇಲೆ ಮಟ್ಟಸ, ಕೆಳಗೆ ನೆಲ ಇಳಿಯುತ್ತ ಹೋಗುತ್ತದೆ. ಹಾಗಾಗಿ ಮೇಲ್ತುದಿಯಲ್ಲಿ ಕೂತರೆ ಕಟ್ಟೆಯ ಎತ್ತರ ಹದಿನಾಲ್ಕು ಇಂಚು, ಕೆಳತುದಿಯಲ್ಲಿ ಇಪ್ಪತ್ತೊಂದು. ಗಿಡ್ಡವರು ಆ ಕಡೆ, ಎತ್ತರದವರು ಈ ಕಡೆ. ಯಾರೂ ಯಾರಿಗೂ ಹೇಳಲಿಲ್ಲ. ಎರಡು ದಿನದಲ್ಲಿ ಪ್ರತಿಯೊಬ್ಬರ ಕಾಲಿಗೂ ಅದರದರ ಜಾಗ ಗೊತ್ತಾಯಿತು. ಅಲ್ಲಿ ಕೂತವರ ಪಾದ ಪೂರ್ತಿ ನೆಲ ಮುಟ್ಟುತ್ತಿತ್ತು, ಏಳುವಾಗ ಯಾರ ಕೈಯೂ ಬೇಡವಾಗಿತ್ತು. ಪೇಟೆಯಿಂದ ಬರುವ ಹೆಂಗಸರು ಮೇಲ್ತುದಿಯಲ್ಲಿ, ಆಡು ಮೇಯಿಸುವ ಮಡೆಪ್ಪನಂಥ ಉದ್ದ ಕಾಲಿನವರು ಕೆಳತುದಿಯಲ್ಲಿ, ಮಧ್ಯದಲ್ಲಿ ಮಿಕ್ಕ ಲೋಕ. ಮಧ್ಯದಲ್ಲಿ ಕೂತವರು ಎರಡೂ ಕಡೆಯ ಮಾತು ಕೇಳಿಸಿಕೊಂಡು ಎರಡನ್ನೂ ಕೆಡಿಸಿ ಸಾಗಿಸುತ್ತಿದ್ದರು. ಒಂದು ಕಟ್ಟೆಗೆ ಅದಕ್ಕಿಂತ ಹೆಚ್ಚಿನ ಕೆಲಸ ಏನಿದೆ?

ಎಂಟುನೂರು ವರ್ಷದ ಹಿಂದೆ ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂತು ಮಾತಾಡಿದರು ಎಂದು ಬಸವಕಲ್ಯಾಣದವರು ಬಂದವರಿಗೆಲ್ಲ ಹೇಳುತ್ತಾರೆ, ಹೇಳಬೇಕಾದ್ದೇ. ಏನು ಮಾತಾಡಿದರು ಎಂಬುದಕ್ಕೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಯಾವ ಎತ್ತರದ ಮೇಲೆ ಕೂತಿದ್ದರು ಎಂದು ಬರೆದಿಟ್ಟವರಿಲ್ಲ. ನಾನೂ ಆ ಪ್ರಶ್ನೆ ಕೇಳಿದವನಲ್ಲ. ಹುಮನಾಬಾದಿನ ಮಾಳಿಗೆಯಿಂದ ಅದು ಕಾಣುತ್ತಿರಲಿಲ್ಲ.

ಹೋದ ವರ್ಷ ಓಣಿಯಲ್ಲಿ ಒಂದು ಸುಂದರೀಕರಣ ಸಮಿತಿ ಹುಟ್ಟಿತು. ಅಧ್ಯಕ್ಷರು ಓಂಪ್ರಕಾಶ. ಅವರು ಆ ಓಣಿಯ ಮುಖಂಡರು. ಯಾವ ಪಕ್ಷ ಎಂದು ಕೇಳಬೇಡಿ, ಕೇಳಿ ಮುಗಿಸುವಷ್ಟರಲ್ಲಿ ಬದಲಾಗಿರುತ್ತದೆ. ಕೆಟ್ಟ ಮನುಷ್ಯನಲ್ಲ, ಒಳ್ಳೆಯದು ಮಾಡಬೇಕು, ಮಾಡಿದ್ದು ದೂರದಿಂದ ಕಾಣಬೇಕು, ಇಷ್ಟೇ ಅವರ ಆಸೆ. ಮೊದಲ ಕೆಲಸಕ್ಕೇ ಕಟ್ಟೆಯನ್ನು ಆರಿಸಿಕೊಂಡರು. ಅದರ ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸಿ ಫೋನು ಮಾಡಿದರು.

“ಮಾಸ್ತರ್, ನಿಮ್ಮಂಥ ಕಣ್ಣು ಈ ಸುತ್ತಿನಾಗ ಯಾರಿಗದ? ನೋಡಿ ಹೇಳ್ರಿ, ಹ್ಯಾಂಗ ಕಾಣ್ಲಾಕತ್ತದ?”

ನನಗೆ ಅಷ್ಟು ಸಾಕು. ಫೋಟೋ ನೋಡಿದೆ. ಒಂದು ತುದಿ ಗಿಡ್ಡ, ಒಂದು ತುದಿ ಎತ್ತರ. ಅಮೀರ ಕಟ್ಟಿದ್ದೆಂದು ಗೊತ್ತಿತ್ತು. ದಾರದ ಸಂಗತಿ ಆಗ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವನು ಹೇಳಿರಲಿಲ್ಲ, ನಾನು ಮಾತು ನಿಲ್ಲಿಸಿರಲಿಲ್ಲ. “ಸೊಟ್ಟ ಅದ,” ಎಂದೆ. “ಪೂರಾ ಸೊಟ್ಟ.”

ಸಮಿತಿಯ ಸಭೆಗೆ ನನ್ನನ್ನು ಬಸವಕಲ್ಯಾಣಕ್ಕೆ ಕರೆಸಿದರು. ಬೇವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಟ್ಟೆಯನ್ನು ಕೆಡವುವ ಸಭೆಗೆ ಕಟ್ಟೆಯ ಮೇಲೆ ಕೂಡುವುದು ಸರಿಯಲ್ಲವಲ್ಲ. ಅಲ್ಲಿ ನಾನು ಒಂದು ಗಂಟೆ ಭಾಷಣ ಮಾಡಿದೆ. ಗಿಡದ ಮೇಲಿದ್ದ ಕಾಗೆಗಳು ಅವತ್ತಿನಿಂದ ಸಾಲಾಗಿ ಕೂಡುತ್ತವೆ. ಸೌಂದರ್ಯವೆಂದರೆ ಸಮತೆ, ಎಂದೆ. ಸಮತೆಯೆಂದರೆ ಒಂದೇ ಎತ್ತರ, ಎಂದೆ. ಒಂದು ತುದಿಯಲ್ಲಿ ಹದಿನಾಲ್ಕು ಇಂಚು, ಇನ್ನೊಂದು ತುದಿಯಲ್ಲಿ ಇಪ್ಪತ್ತೊಂದು, ಇದು ಕಣ್ಣಿಗೂ ಅನ್ಯಾಯ, ಸಮಾಜಕ್ಕೂ ಅನ್ಯಾಯ, ಎಂದೆ. ಭಾರಿ ಚಪ್ಪಾಳೆ ಬಿತ್ತು.

ಅಮೀರ ಹಿಂದೆ ನಿಂತಿದ್ದ. ಎಲ್ಲ ಮುಗಿದ ಮೇಲೆ ಕೈ ಎತ್ತಿದ.

“ಸರ್, ಒಂದ ಎತ್ತರ ಅಂದ್ರಿ. ಎಲ್ಲಿಂದ ಅಳೀತೀರಿ?”

“ಎಲ್ಲಿಂದ ಅಂದ್ರ? ನೆಲದಿಂದ.”

“ನೆಲಾನೇ ಸೊಟ್ಟ ಅದಲ್ರಿ.”

ಜನ ನಕ್ಕರು. ನಾನೂ ನಕ್ಕೆ. ಅವನು ಎತ್ತಿದ ಕೈ ಇಳಿಸಿದ. ಆ ನಗುವನ್ನು ಈಗ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ನನ್ನ ಕನ್ನಡಕ ಸಮೇತ ಕೊಟ್ಟು ತೆಗೆದುಕೊಳ್ಳುತ್ತೇನೆ. ಎಲ್ಲರೂ ಸಮ ಎನ್ನುವುದು ಸುಲಭ. ಎಲ್ಲಿಂದ ಅಳೆದು ಸಮ ಎಂದು ಕೇಳಿದವನೊಬ್ಬ ಅಲ್ಲಿ ನಿಂತಿದ್ದ, ನಾವು ಅವನನ್ನು ತಮಾಷೆ ಮಾಡಿದೆವು.

ಹೊಸ ಕಟ್ಟೆಗೆ ಬೇರೆ ಊರಿನ ಗುತ್ತಿಗೆದಾರ ಬಂದ. ಮುಖ ಕಾಣುವಂತೆ ಹೊಳೆಯುವ ಕರಿ ಕಲ್ಲು. ನೆಲದಿಂದ ಎಲ್ಲ ಕಡೆ ಇಪ್ಪತ್ತು ಇಂಚು, ನನ್ನ ಅಪ್ಪಣೆಯಂತೆ. ನೆಲ ಇಳಿಜಾರಾದ್ದರಿಂದ ಕಟ್ಟೆಯನ್ನು ಎರಡು ಮೆಟ್ಟಿಲಿನಂತೆ ಒಡೆಯಬೇಕಾಯಿತು. ಒಂದು ಮೇಲಿನ ಕಟ್ಟೆ, ಒಂದು ಕೆಳಗಿನ ಕಟ್ಟೆ. ಇನ್ನೊಂದು ಸಲಹೆಯೂ ನನ್ನದೇ, ಮುಚ್ಚಿಡುವುದಿಲ್ಲ. ಕಲ್ಲು ಕೊಟ್ಟವರ ಹೆಸರನ್ನು ಎಲ್ಲಿ ಬರೆಯುವುದು ಎಂಬ ಪ್ರಶ್ನೆ ಬಂದಾಗ, “ಕಲ್ಲಿನ ಮ್ಯಾಲೇ ಕೆತ್ತಿಸ್ರಿ, ಅಕ್ಷರ ನಾ ಬರದ ಕೊಡ್ತೀನಿ,” ಎಂದೆ. ಹನ್ನೊಂದು ಚಪ್ಪಡಿ, ಹನ್ನೊಂದು ಹೆಸರು. ಮೊದಲನೆಯದು ಓಂಪ್ರಕಾಶರದು. ಹನ್ನೊಂದನೆಯದರ ಮೇಲೆ ‘ಸೌಂದರ್ಯ ಸಲಹೆ’ ಎಂದು ಬರೆದು ನನ್ನದು. ಅಂಥ ಅಕ್ಷರ ನಾನು ಜನ್ಮದಲ್ಲಿ ಬರೆದಿರಲಿಲ್ಲ. ಉದ್ಘಾಟನೆಯಲ್ಲಿ ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರೂ ಕಟ್ಟೆಯ ಹಿಂದೆ ನಿಂತಿದ್ದೆವು. ಕೂತವರು ಯಾರೂ ಇರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು, ಕಣ್ಣು ಇದ್ದಿದ್ದರೆ.

ಎರಡು ತಿಂಗಳ ನಂತರ ನನ್ನ ಕೃತಿಯನ್ನು ಕಣ್ತುಂಬ ನೋಡಿಕೊಂಡು ಬರೋಣವೆಂದು ಬಸ್ಸು ಹತ್ತಿದೆ. ಸಂಜೆ ನಾಲ್ಕೂವರೆ, ಕಟ್ಟೆ ತುಂಬಿ ತುಳುಕಬೇಕಾದ ಹೊತ್ತು. ಕಟ್ಟೆಯ ಮೇಲೆ ಮನುಷ್ಯರು ಒಬ್ಬರೂ ಕೂತಿರಲಿಲ್ಲ. ಕಟ್ಟೆಯ ಮುಂದೆ, ಧೂಳಿನಲ್ಲಿ, ಕುಕ್ಕರಗಾಲಿನಲ್ಲಿ ಆರೇಳು ಜನ ಕೂತಿದ್ದರು. ಕಟ್ಟೆಯ ಮೇಲೆ ಮಡೆಪ್ಪನ ಒಂಬತ್ತು ಆಡುಗಳು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿದ್ದವು.

“ಮಡೆಪ್ಪ, ಕಟ್ಟಿ ಮ್ಯಾಲ ಯಾಕ ಕುಂತಿಲ್ಲೋ?” ಎಂದೆ.

“ಮಂದಿ ಹೆಸರಿನ ಮ್ಯಾಲ ಕುಂದ್ರಬೇಕೇನ್ರಿ? ಅಕ್ಷರ ಅಂದ್ರ ಕಣ್ಣಿಗಿ ಒತ್ತಿಕೊಳ್ಳಾದು, ಅದಕ್ಕ ಕುಂಡಿ ಒತ್ತಬೇಕೇನ್ರಿ?”

“ಮತ್ತ ಆಡು?”

“ಅವು ಸಾಲಿ ಕಲ್ತಿಲ್ರಿ, ನಿಮ್ಮ ಪುಣ್ಯಾ.”

ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡಿದ್ದ ಜಿಜಾಬಾಯಿ, ಹುಲಸೂರದಿಂದ ಬಂದು ಕಾಯಿಪಲ್ಲೆ ಮಾರುವ ಹೆಂಗಸು, ಬಾಯಿಗೆ ಸೆರಗು ಹಿಡಿದು ನಕ್ಕಳು. ನಮ್ಮ ಕಡೆ ಮಗು ಹಾಳೆ ತುಳಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಆ ಮಗ್ಗುಲಿನ ಮುಸ್ಲಿಮರ ಮನೆಗಳಲ್ಲೂ ಬರಹವಿದ್ದ ಕಾಗದವನ್ನು ಕಾಲಿಗೆ ಸಿಗದಂತೆ ಗೋಡೆಯ ಸಂದಿಯಲ್ಲಿ ಎತ್ತಿಡುತ್ತಾರೆ. ಎರಡೂ ಮಗ್ಗುಲಿನವರು ಒಂದಾಗಿ ನಂಬುವ ಇಂಥ ಸಂಗತಿಯೊಂದನ್ನು, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕಳೆದ ನಾನು ಮರೆತಿದ್ದೆ. ಹೆಸರನ್ನು ಕೂಡುವ ಜಾಗದಲ್ಲಿ ಕೆತ್ತಿಸಿ ಇಡೀ ಓಣಿಯನ್ನು ನೆಲಕ್ಕೆ ಇಳಿಸಿದ್ದೆ.

ಕೂಡುವವರೂ ಇದ್ದರಂತೆ. ಮೊದಲ ವಾರ ಓಂಪ್ರಕಾಶರಿಗೆ ಆಗದ ನಾಲ್ಕು ಹುಡುಗರು ಬೇಕೆಂದೇ ಬಂದು ಅವರ ಹೆಸರಿನ ಮೇಲೆ ಮಾತ್ರ ಕೂತರು. ಓಂಪ್ರಕಾಶರ ಕಡೆಯವರು ಬಂದು ಎಬ್ಬಿಸಿದರು. ಆಮೇಲೆ ಮೇಲಿನ ಕಟ್ಟೆ ಯಾರದು, ಕೆಳಗಿನ ಕಟ್ಟೆ ಯಾರದು ಎಂಬ ಮಾತು ಬಂತು. ಹಳೆಯ ಕಟ್ಟೆಯಲ್ಲಿ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ನಾನು ಕಾಲುಗಳನ್ನು ಸಮ ಮಾಡಲು ಹೋಗಿ ತಲೆಗಳನ್ನು ಮೇಲೆ ಕೆಳಗೆ ಮಾಡಿದ್ದೆ.

“ಅನ್ವರಿ ಬೂಬಮ್ಮ ಬಿದ್ದಿದ್ದು ಹೇಳಿದಿಲ್ಲಲ್ಲೋ ಮಾಸ್ತರಗ,” ಎಂದಳು ಜಿಜಾಬಾಯಿ, ನಗು ನಿಲ್ಲಿಸಿ.

“ಬಿದ್ದಿಲ್ಲ. ಜಾರ್ಯಾಳ,” ಎಂದ ಮಡೆಪ್ಪ, ನನ್ನ ಮುಖ ನೋಡದೆ.

ಅಮೀರನ ಮನೆಗೆ ಹೋದೆ. ಅಮೀರ ಅಂಗಳದಲ್ಲಿ ಕರಣೆ ತೊಳೆಯುತ್ತಿದ್ದ. ಅನ್ವರಿ ಒಳಗೆ, ಬಾಗಿಲ ಹತ್ತಿರದ ಮಂಚದ ಮೇಲೆ ಕೂತಿದ್ದಳು. ಅವಳ ಮೊಣಕಾಲು ಸೋತು ನಾಲ್ಕು ವರ್ಷವಾಗಿತ್ತು. ಆದರೂ ದಿನಾ ಸಂಜೆ ಮನೆಯಿಂದ ಪೇಟೆಯ ಹತ್ತಿರವಿರುವ ಮಗಳು ಫರ್ಹೀನಳ ಮನೆ ತನಕ ನಡೆದು ಹೋಗುತ್ತಿದ್ದಳು. ಒಂದೇ ಉಸಿರಿಗೆ ಆಗುತ್ತಿರಲಿಲ್ಲ. ಅರ್ಧ ದಾರಿಗೆ ಕಟ್ಟೆ. ಮೇಲ್ತುದಿಯಲ್ಲಿ ಒಂದು ಗಳಿಗೆ ಕೂತು, ಯಾರ ಕೈಯನ್ನೂ ಹಿಡಿಯದೆ ಎದ್ದು, ಮಿಕ್ಕ ಅರ್ಧ ನಡೆಯುತ್ತಿದ್ದಳು. ಹೊಸ ಕಟ್ಟೆಯ ಮೇಲೆ ಒಂದು ದಿನ ಕೂತಳು. ಅವಳಿಗೆ ಓದು ಬರುವುದಿಲ್ಲ, ಹೆಸರು ಅಡ್ಡ ಬರಲಿಲ್ಲ. ಇಪ್ಪತ್ತು ಇಂಚಿಗೆ ಕಷ್ಟಪಟ್ಟು ಏರಿದಳು. ಕಾಲು ನೆಲ ಮುಟ್ಟಲಿಲ್ಲ. ಗಾಜಿನಂಥ ಕಲ್ಲು ಮುಂದಕ್ಕೆ ಜಾರಿಸಿತು. ನಾಲ್ಕು ಜನರ ಮುಂದೆ ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು. ಏಟೇನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ.

“ಫರ್ಹೀನ್ ಇಲ್ಲೇ ಬರ್ತಾಳಲ್ಲ. ಆಟೋ ಅದ,” ಎಂದೆ. ಏನಾದರೂ ಹೇಳಬೇಕಿತ್ತು.

“ಆಟೋದಾಗ ಹೋದ್ರ ಪೇಷಂಟ್ ಬಂದಂಗ ಆಗ್ತದ, ಭಾಯ್‌ಸಾಬ್,” ಎಂದಳು ಅನ್ವರಿ. “ನಡ್ಕೋತ ಹೋದ್ರ ಅಮ್ಮ ಬಂದಂಗ.”

ನನಗೆ ಮಾತು ಬಿದ್ದುಹೋಯಿತು. ಇದು ನನ್ನ ಎಪ್ಪತ್ತಮೂರು ವರ್ಷದಲ್ಲಿ ಎರಡನೆಯ ಸಲ. ಮೊದಲನೆಯದು ಹುಟ್ಟುವ ಮೊದಲು. ಅಮೀರ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕರಣೆಯನ್ನು ಒರೆಸಿ, ಗೂಡಿನಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದ. ಹಳೆಯ ದಾರಗಳು. ಅವತ್ತು ಮೊದಲ ಸಲ ಆ ಕಟ್ಟೆಯ ಕಥೆಯನ್ನು ಅವನ ಬಾಯಿಂದ ಕೇಳಿದೆ. ಅರ್ಧ ಅವನು ಹೇಳಿದ, ಅರ್ಧ ಅನ್ವರಿ ಒಳಗಿನಿಂದ ಹೇಳಿದಳು.

“ಫೋಟೋದಾಗ ಚೆಂದ ಕಾಣಬೇಕಂದ್ರಿ ನೀವು,” ಎಂದ ಕೊನೆಗೆ. “ಫೋಟೋ ಕುಂದ್ರಂಗಿಲ್ರಿ ಸರ್. ಮಂದಿ ಕುಂದ್ರತಾರ.”

ಅದೇ ಸಂಜೆ ಓಂಪ್ರಕಾಶರ ಮನೆಗೆ ಹೋದೆ. ವಾದಕ್ಕೆ ಸಿದ್ಧನಾಗಿ ಹೋಗಿದ್ದೆ, ಆದರೆ ನನ್ನ ಕೆಲಸವನ್ನು ಆಡುಗಳು ಮುಗಿಸಿಟ್ಟಿದ್ದವು. ಅವು ಕಟ್ಟೆಯ ಮೇಲೆ ಬರೀ ಮಲಗುತ್ತಿರಲಿಲ್ಲ. ಯಾರ ಹೆಸರು ಎಂದು ನೋಡದೆ ಹಿಕ್ಕೆ ಹಾಕುತ್ತಿದ್ದವು, ಮತ್ತು ನೆರಳು ಹೆಚ್ಚಾಗಿದ್ದುದು ಮೊದಲನೆಯ ಚಪ್ಪಡಿಯ ಮೇಲೆ.

“ದಿನಾ ಎರಡ ಸಲ ಒರಸಲಾಕ ಆಳ್ ಕಳಿಸ್ಲಾಕತ್ತೀನಿ, ಮಾಸ್ತರ್,” ಎಂದರು ಓಂಪ್ರಕಾಶ, ಅಳುವ ದನಿಯಲ್ಲಿ. “ಹೆಸರು ತೆಗೀರಿ ಅಂದ್ರ ಕಲ್ಲು ಕೊಟ್ಟವ್ರು ಸಿಟ್ಟಾಗ್ತಾರ. ಇರಲಿ ಅಂದ್ರ ಇದು. ಏನರ ಹೇಳ್ರಿ, ನಿಮ್ಮ ಕಣ್ಣೇನು ಸಾಮಾನ್ಯ ಕಣ್ಣಾ?”

“ಅಮೀರನ್ನ ಕೇಳ್ರಿ,” ಎಂದೆ. ನನ್ನ ಬಾಯಿಂದ ಬಂದ ಅತಿ ಸಣ್ಣ ಸಲಹೆ ಅದು.

ಮರುದಿನ ಓಂಪ್ರಕಾಶರ ಮುಂದೆ ಅಮೀರ ಕಟ್ಟೆಯ ಸುತ್ತ ಒಂದು ಸುತ್ತು ಹಾಕಿದ. ಒಂದು ಚಪ್ಪಡಿಯ ಅಂಚಿನ ಕೆಳಗೆ ಬೆರಳು ತೂರಿಸಿ ಸವರಿದ. ಕೆಳಮೈಗೆ ಪಾಲಿಶ್ ಇರಲಿಲ್ಲ. ಒರಟಾಗಿ, ಗಟ್ಟಿ ರೊಟ್ಟಿಯ ಹಾಗಿತ್ತು. ನಾರಾಯಣಪುರದ ಹಳೆಯ ಶಿವಾಲಯಕ್ಕೆ ಅವನು ಆಗಾಗ ಹೋಗಿ, ನೂರಾರು ವರ್ಷ ಜನ ಕೂತು ಸವೆಸಿದ ಕಲ್ಲುಗಳ ಮೇಲೆ ಅಂಗೈ ಇಟ್ಟು ಬರುವುದುಂಟು. ಪಾಲಿಶ್ ಅಂದರೆ ಅವನ ಪ್ರಕಾರ ಅದೇ, ಮಂದಿ ಮಾಡುವಂಥದ್ದು.

“ಹೆಸರ ತೆಗ್ಯಾದ ಬ್ಯಾಡ್ರಿ,” ಎಂದ. “ಮಗಚಿ ಹಾಕೋಣು.”

“ಅಂದ್ರ?”

“ಹೆಸರ ಕೆಳಗ. ಖರಖರ ಮ್ಯಾಲ.”

ಓಂಪ್ರಕಾಶ ಬಗ್ಗಿ ಚಪ್ಪಡಿಯ ಅಡಿ ಇಣುಕಿದರು. “ಹೆಸರು ಇರ್ತದಲ್ಲ?”

“ಅಲ್ಲೇ ಇರ್ತದ್ರಿ. ಮಳಿ ಹತ್ತಂಗಿಲ್ಲ, ಬಿಸಲ ಹತ್ತಂಗಿಲ್ಲ, ಆಡ ಹತ್ತಂಗಿಲ್ಲ.”

ಕಲ್ಲು ಕೊಟ್ಟ ಹತ್ತೂ ಜನ ಒಪ್ಪಿದರು. ಹೆಸರು ಶಾಶ್ವತವಾಗಿ ಉಳಿಯುವ ಇದಕ್ಕಿಂತ ಗಟ್ಟಿ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಹನ್ನೊಂದನೆಯವನಾದ ನನ್ನನ್ನು ಯಾರೂ ಕೇಳಲಿಲ್ಲ.

ಮತ್ತೆ ದಾರದ ಕೆಲಸ ಬಂತು. ಹಳೆಯ ದಾರಗಳಲ್ಲಿ ಕೆಲವರು ಈಗ ಇರಲಿಲ್ಲ, ಆಗ ಹುಟ್ಟಿರದವರು ಈಗ ತಾಯಂದಿರಾಗಿದ್ದರು. ಈ ಸಲ ಅನ್ವರಿ ಮನೆ ಮನೆಗೆ ಹೋಗುವಂತಿರಲಿಲ್ಲ. ಎರಡೂ ಮಗ್ಗುಲಿನ ಹೆಂಗಸರು ತಾವೇ ದಾರ ಕತ್ತರಿಸಿ ಅವಳ ಮಂಚಕ್ಕೆ ತಂದು ಕೊಟ್ಟರು. ಮೂರು ದಿನ ಆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೇಲೆ ಹತ್ತಿ ನಿಂತಿದ್ದರೆ ಹೈದರಾಬಾದು ಕಾಣುತ್ತಿತ್ತು. ಜಿಜಾಬಾಯಿ ತನ್ನ ದಾರದ ಜೊತೆ ಎರಡು ಬದನೆಕಾಯಿಯನ್ನೂ ಕೊಟ್ಟಳು. ನನ್ನ ದಾರ ಕೊಟ್ಟಾಗ ಅನ್ವರಿ ಅದನ್ನು ಎತ್ತಿ ಹಿಡಿದು, “ಇದು ಮೊಣಕಾಲಾ, ಬಾವಿ ಹಗ್ಗಾ?” ಎಂದಳು.

ಅಮೀರ ಅವಳದನ್ನು ಮಾತ್ರ ದಾರದಲ್ಲಿ ಅಳೆಯಲಿಲ್ಲ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಅವಳನ್ನು ಕೂರಿಸಿದ, ಎಬ್ಬಿಸಿದ. ತೆಳುವಾದ ಹಂಚು ಇಟ್ಟು ಮತ್ತೆ ಕೂರಿಸಿದ. ಮುದಿ ಮೊಣಕಾಲಿಗೆ ಹಿಂದಿಗಿಂತ ಒಂದು ಇಂಚು ಹೆಚ್ಚು ಎತ್ತರ ಬೇಕು, ಆದರೆ ಹಿಮ್ಮಡಿ ನೆಲ ಬಿಡಬಾರದು. ಹದಿನೈದು ಇಂಚಿನಲ್ಲಿ ಅವಳು ತಾನಾಗಿ ಎದ್ದಳು. “ಬಸ್,” ಎಂದ ಅಮೀರ. ಮೇಲ್ತುದಿ ಹದಿನೈದಕ್ಕೆ ನಿಂತಿತು. ಅಲ್ಲಿಂದ ಹೊರಟ ಮಟ್ಟ ಇಡೀ ಕಟ್ಟೆಯದಾಯಿತು.

ಎರಡು ಮೆಟ್ಟಿಲನ್ನು ಒಡೆದು ಒಂದು ಮಾಡುವ ಕೆಲಸ ನಡೆಯಿತು. ಚಪ್ಪಡಿ ಕೂರಿಸುವ ದಿನ ನಾನು ಹುಮನಾಬಾದಿನಿಂದ ಹೋಗುವಷ್ಟರಲ್ಲಿ ಮೇಲ್ತುದಿಯ ಎರಡು ಕಲ್ಲು ಕೂತಾಗಿತ್ತು, ಯಾರ ಹೆಸರಿನವೆಂದು ನಾನು ಕೇಳಲಿಲ್ಲ. ಗೌಂಡಿಗಳು ಮಟ್ಟ ನೋಡಲು ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗೆ ಇಬ್ಬರು ಹಿಡಿಯುತ್ತಾರೆ. ಎರಡೂ ಕಡೆ ನೀರು ಎಲ್ಲಿ ನಿಲ್ಲುತ್ತದೋ ಅದೇ ಮಟ್ಟ. ಅಮೀರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ.

“ಸೊಟ್ಟ ಕಾಣ್ಲಾಕತ್ತದಲ್ಲೋ,” ಎಂದೆ. ಹಾಳು ಚಟ.

“ನೀರ ಏನ್ ಅಂತದ?”

ನೀರು ಎರಡೂ ಕಡೆ ಒಂದೇ ಗುರುತಿಗೆ ನಿಂತಿತ್ತು. ನನ್ನ ಕಣ್ಣು ಸೊಟ್ಟ ಅಂದದ್ದನ್ನು ನೀರು ಸಮ ಅಂದಿತು. ನಾನು ನೋಡುತ್ತಿದ್ದುದು ಕಟ್ಟೆಯ ಕೆಳಗಿನ ಅಂಚು, ನೆಲ ಇಳಿಯುವ ಕಡೆ. ನೀರಿಗೆ ಬೇಕಾಗಿದ್ದುದು ಮೇಲಿನದು, ಜನ ಕೂಡುವ ಕಡೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗೆರೆ ಎಳೆಯಲು ಕಲಿಸಿದೆ. ಗೆರೆಯ ಮೇಲೆ ಯಾರಾದರೂ ಬಂದು ಕೂಡುತ್ತಾರೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಮಧ್ಯಾಹ್ನದ ತನಕ ಪೈಪು ಹಿಡಿದುಕೊಂಡು ಸುಮ್ಮನೆ ನಿಂತೆ. ಓಣಿಯವರಿಗೆ ನನ್ನ ಆರೋಗ್ಯದ ಬಗ್ಗೆ ಚಿಂತೆಯಾಯಿತು.

ವಾರದ ನಂತರ ಕಟ್ಟೆ ಒಣಗಿತು. ಉದ್ಘಾಟನೆ ಇರಲಿಲ್ಲ, ಓಂಪ್ರಕಾಶರೂ ಬೇಡ ಎಂದರು. ಸಂಜೆ ಅನ್ವರಿ ಮನೆಯಿಂದ ಹೊರಟಳು. ಅಮೀರ ಹತ್ತು ಹೆಜ್ಜೆ ಹಿಂದೆ, ಬೇರೆ ಏನೋ ಕೆಲಸಕ್ಕೆ ಹೊರಟವನಂತೆ. ಗಿಡದ ಕೆಳಗೆ ಮಡೆಪ್ಪ, ಜಿಜಾಬಾಯಿ, ಎರಡೂ ಮಗ್ಗುಲಿನ ಮಂದಿ ಆಗಲೇ ಸೇರಿದ್ದರು. ಯಾರೂ ನೋಡುತ್ತಿಲ್ಲ ಎನ್ನುವಂತೆ ಎಲ್ಲರೂ ನೋಡುತ್ತಿದ್ದರು. ಅನ್ವರಿ ಮೇಲ್ತುದಿಗೆ ಬಂದಳು. ಒರಟು ಕಲ್ಲಿನ ಮೇಲೆ ಅಂಗೈ ಇಟ್ಟಳು, ಕೂತಳು. ಎರಡೂ ಪಾದ ನೆಲದ ಮೇಲೆ ಪೂರ್ತಿ ಇದ್ದವು.

“ಬದನಿಕಾಯಿ ಹ್ಯಾಂಗಿತ್ತು?” ಎಂದು ಕೇಳಿದಳು ಜಿಜಾಬಾಯಿ.

“ಹುಳಾ ಇತ್ತು,” ಎಂದಳು ಅನ್ವರಿ.

“ನೀ ಬರಲಿಲ್ಲಂದ್ರ ಹುಳಾ ಬೀಳಬೇಕಲ್ಲ. ಎರಡ ತಿಂಗಳಾತು ಒಳ್ಳೇವು ಯಾರಿಗಿ ಆರಿಸಿಡಲಿ?”

ಐದು ನಿಮಿಷ ಹೀಗೇ ಬದನೆಕಾಯಿಯ ಜಗಳ ನಡೆಯಿತು. ಆಮೇಲೆ ಅನ್ವರಿ ಸೆರಗು ಸರಿಮಾಡಿಕೊಂಡು, ಹಿಮ್ಮಡಿ ಒತ್ತಿ, ಎದ್ದಳು. ಯಾರೂ ಕೈ ಚಾಚಲಿಲ್ಲ. ಚಾಚದಿರಲು ಅಷ್ಟೂ ಜನ ಕೈಗಳನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆಂದರೆ ಒಬ್ಬಿಬ್ಬರ ಬಳೆ ಒಡೆದಿರಬೇಕು. ಅವಳು ಪೇಟೆಯ ಕಡೆ, ಮಗಳ ಮನೆಯ ಕಡೆ, ಮೆಲ್ಲಗೆ ನಡೆದುಹೋದಳು. ಅಮೀರ ಹಿಂದೆ ಹೋಗಲಿಲ್ಲ. ಅಲ್ಲೇ ನಿಂತು ತಿರುವು ದಾಟುವ ತನಕ ನೋಡಿದ.

ಚೆಂದ ಎಂದರೇನು ಎಂದು ಈಗ ಯಾರಾದರೂ ಕೇಳಿದರೆ ನಾನು ಹಲಗೆಯ ಮೇಲೆ ಗೆರೆ ಎಳೆಯುವುದಿಲ್ಲ. ಆ ತಿರುವಿನ ತನಕ ಇಪ್ಪತ್ತು ಮಂದಿ ಒಟ್ಟಿಗೆ ಒಬ್ಬಳ ನಡಿಗೆಯನ್ನು ನೋಡಿದೆವಲ್ಲ, ಅದನ್ನು ತೋರಿಸಬಹುದಿತ್ತು.

ಆದರೆ ಮನುಷ್ಯ ಅಷ್ಟು ಬೇಗ ಸುಧಾರಿಸುವುದಿಲ್ಲ. ಎಲ್ಲರಿಗೂ ಕೇಳುವಂತೆ, “ಏನೇ ಅನ್ರಿ, ನಾ ಇರಲಿಲ್ಲಂದ್ರ ಈ ಕಟ್ಟಿ ಹಿಂಗ ಆಗ್ತಿದ್ದಿಲ್ಲ,” ಎಂದೆ.

“ಹೌದ್ರಿ,” ಎಂದ ಅಮೀರ. “ನೀವು ಇರಲಿಲ್ಲಂದ್ರ ಒಮ್ಮೆ ಕಟ್ಟಿ ಬಿಡ್ತಿದ್ದೆ. ನೀವು ಇದ್ದೀರಂತ ಎರಡ ಸಲ ಕಟ್ಟೀನಿ.”

ಮಂದಿ ನಕ್ಕರು. ನಾನು ಗೌರವ ಉಳಿಸಿಕೊಳ್ಳಲು ಮೇಲ್ತುದಿಗೆ ಹೋಗಿ, ಅನ್ವರಿ ಎದ್ದ ಜಾಗದಲ್ಲೇ, ಹಿರಿಯನಂತೆ ಕೂತೆ. ಕೂತ ಮೇಲೆ ಮೊಣಕಾಲು ಗದ್ದಕ್ಕೆ ತಾಗಿತು. ಮಡಚಿದ ಕೊಡೆಯ ಹಾಗೆ ಆದೆ. ಮಾತು ಮುಂದುವರಿಸಿ, ಆಮೇಲೆ ಏಳಲು ನೋಡಿದೆ. ಆಗಲಿಲ್ಲ. ಇನ್ನೊಮ್ಮೆ ನೋಡಿದೆ. ಮೂರನೆಯ ಸಲ ಕೈ ಚಾಚಿದೆ. ಅಮೀರ ತನ್ನ ಹೆಂಚಿನಂಥ ಅಂಗೈ ಕೊಟ್ಟು ಒಂದೇ ಎಳೆತಕ್ಕೆ ನನ್ನನ್ನು ನಿಲ್ಲಿಸಿದ. ಆಮೇಲೆ ಕೈ ಬಿಡದೆ, ಕಟ್ಟೆಯ ಕೆಳತುದಿಯ ಕಡೆ, ಮಡೆಪ್ಪ ಕೂತಿದ್ದ ಕಡೆ ನಡೆಸಿಕೊಂಡು ಹೊರಟ.

“ಯಾಕೋ, ಅಲ್ಲಿ ಚೆಂದಿತ್ತಲ್ಲ?” ಎಂದೆ.

“ನಿಮ್ಮ ಜಾಗ ಇಲ್ಲಿ ಅದ ಸರ್,” ಎಂದ ಅಮೀರ. “ಅಲ್ಲಿ ಕಲ್ಲಿನ ಕೆಳಗ ಬರೇ ನಿಮ್ಮ ಹೆಸರ ಅದ.”